ಕುದಿಸಿದರೂ ಉಳಿಯುವ ವಿಷ: ಹಸಿರುಗಟ್ಟುವ ನೀರಿನ ಮೇಲೊಂದು ಕಣ್ಣು

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ದಕ್ಷಿಣ ಗೋವಾದ ಸಾಂಗೆ ತಾಲೂಕಿನಲ್ಲಿ ಮುಳುಗಿದ ಊರೊಂದು ನೀರಿನಿಂದ ಮೇಲೇಳುತ್ತದೆ. ಸಾಳಾವಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮರೆಯಾದ ಕುರ್ಡಿ ಗ್ರಾಮದ ಮನೆಗಳ ತಳಪಾಯಗಳು, ಒಡೆದ ರಸ್ತೆ, ಒಣಗಿದ ಮರದ ಬೊಡ್ಡೆಗಳು ಕೆಲವು ವಾರಗಳ ಕಾಲ ಬಿಸಿಲು ಕಾಣುತ್ತವೆ. ಜೈಪುರ-ಅತ್ರೌಲಿ ಘರಾಣೆಯ ಹಿರಿಯ ಗಾಯಕಿ ಮೋಗುಬಾಯಿ ಕುರ್ಡಿಕರ್ ಅವರ ಹೆಸರಿನಲ್ಲಿ ಸೇರಿಕೊಂಡಿರುವ ಕುರ್ಡಿ ಇದೇ. ಊರು ಬಿಟ್ಟು ಹೋದ ಕುಟುಂಬಗಳು ಆ ದಿನಗಳಲ್ಲಿ ಮರಳಿ ಬಂದು ತಮ್ಮ ಹಳೆಯ ಅಂಗಳದಲ್ಲಿ ನಿಂತು ಹೋಗುತ್ತವೆ. ಮಳೆ ಹಿಡಿದ ಮೇಲೆ ಊರು ಮತ್ತೆ ಮುಳುಗುತ್ತದೆ.

ಮೇಲೆದ್ದ ಊರಿನ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಕೆಳಗಿಳಿದ ನೀರಿನ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಆದರೆ ವಾಸ್ಕೋ, ಝುವಾರಿನಗರ, ಮಡಗಾಂವಗಳ ನಲ್ಲಿಗಳಿಗೆ ಬರುವುದು ಅದೇ ನೀರು. ಸಾಂಗೆ, ಕೇಪೆ, ಸಾಸಷ್ಟಿ, ಮುರಗಾವ್ ತಾಲೂಕುಗಳ ಬಾಯಾರಿಕೆಗೆ ಸಾಳಾವಲಿಯೇ ಮುಖ್ಯ ಆಸರೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರಗಳಿಂದ ದುಡಿಮೆ ಅರಸಿ ಬಂದು ಮುರಗಾವ್ ತಾಲೂಕಿನಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳ ಮಕ್ಕಳು ಶಾಲೆಗೆ ಒಯ್ಯುವ ಬಾಟಲಿಯಲ್ಲಿರುವುದೂ ಬಹುಮಟ್ಟಿಗೆ ಆ ಜಲಾಶಯದ ನೀರೇ. ಬೇಸಿಗೆಯ ಕೊನೆಯಲ್ಲಿ ಜಲಾಶಯದ ಮಟ್ಟ ಇಳಿದಾಗ, ಉಳಿದ ನೀರು ಬಿಸಿಯೇರಿ ನಿಶ್ಚಲವಾಗಿ ನಿಂತಾಗ, ಅದರೊಳಗೆ ಏನು ಬೆಳೆಯಬಹುದು ಎಂಬ ಪ್ರಶ್ನೆ ಆದ್ದರಿಂದ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ.

ಸಾಳಾವಲಿಯ ನೀರಿನಲ್ಲಿ ವಿಷವಿದೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹೇಳಬೇಕಾದದ್ದು ಬೇರೆ. ಕನ್ನಡದ ಮನೆಗಳಲ್ಲಿ ನೀರಿನ ವಿಷಯದಲ್ಲಿ ಒಂದು ದೃಢವಾದ ನಂಬಿಕೆ ಇದೆ: ಚೆನ್ನಾಗಿ ಕುದಿಸಿ ಆರಿಸಿದರೆ ಭಯವಿಲ್ಲ ಎಂಬುದು. ಕಾಲರಾ, ವಿಷಮಶೀತಜ್ವರ, ಕಾಮಾಲೆ, ವಾಂತಿಭೇದಿಗಳ ಮಟ್ಟಿಗೆ ಆ ನಂಬಿಕೆ ನೂರಕ್ಕೆ ನೂರು ಸರಿ, ಅದನ್ನು ಬಿಡಲೇಬಾರದು. ಆದರೆ ನೀರಿನ ಅಪಾಯಗಳಲ್ಲಿ ಒಂದು ಬಗೆ ಈ ಒಲೆಯ ಬೆಂಕಿಗೆ ಬಗ್ಗುವುದಿಲ್ಲ. ಅದು ಕೆಲವು ಬಗೆಯ ಪಾಚಿಗಳು ಉತ್ಪಾದಿಸುವ ವಿಷ.

ಹಾವಸೆಯಲ್ಲ, ಪಾಚಿಯೂ ಅಲ್ಲ

ಕೆರೆಯ ಮೇಲೆ ಹಸಿರು ಕಂಡರೆ ಜನ ಹಾವಸೆ ಎನ್ನುತ್ತಾರೆ, ಪಾಚಿ ಎನ್ನುತ್ತಾರೆ. ಗೋವಾದ ನೆರೆಹೊರೆಯಲ್ಲಿ ಶೆವಾಳ ಎಂಬ ಮಾತು ಕೇಳುತ್ತದೆ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಶೈವಲ ಎಂಬ ಹೆಸರು. ಕಲ್ಲಿಗೆ ಅಂಟಿಕೊಂಡು ಕಾಲು ಜಾರಿಸುವ ಹಸಿರು, ಕೂದಲಿನ ಎಳೆಯಂತೆ ತೇಲುವ ಹಸಿರು, ಎಲೆಯುಳ್ಳ ಪುಟ್ಟ ಜಲಸಸ್ಯಗಳು, ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಮೀನಿಗೆ ಮೇವು, ನೀರಿಗೆ ಆಮ್ಲಜನಕ. ಎಚ್ಚರಿಕೆ ಬೇಕಾದದ್ದು ನೀಲಿ-ಹಸಿರು ಪಾಚಿ ಎಂದು ಕರೆಯಲಾಗುವ ಗುಂಪಿನ ಬಗ್ಗೆ. ಹೆಸರಿನಲ್ಲಿ ಪಾಚಿ ಎಂದಿದ್ದರೂ ಇವು ಬ್ಯಾಕ್ಟೀರಿಯಗಳು. ವಿಜ್ಞಾನಿಗಳು ಇವನ್ನು ಸಯನೋಬ್ಯಾಕ್ಟೀರಿಯ ಎನ್ನುತ್ತಾರೆ.

ಇವುಗಳ ಮೇಲೆ ಸಾರಾಸಗಟಾಗಿ ಅಪವಾದ ಹೊರಿಸುವುದೂ ನ್ಯಾಯವಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ನೆಲೆಗೊಳ್ಳತೊಡಗಿದ್ದು ಇವುಗಳ ಪೂರ್ವಜರ ಉಸಿರಾಟದ ಫಲವಲ್ಲ, ಅಡುಗೆಯ ಫಲ: ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಸೇರಿಸಿ ಆಹಾರ ತಯಾರಿಸಿ ಆಮ್ಲಜನಕವನ್ನು ಹೊರಗೆ ಬಿಟ್ಟವು ಇವೇ. ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುವ ಬಗೆಗಳೂ ಇವುಗಳಲ್ಲಿವೆ. ಪೌಷ್ಟಿಕಾಂಶದ ಪುಡಿಯಾಗಿ ಮಾರಾಟವಾಗುವ ಸ್ಪಿರುಲಿನಾ ಕೂಡ ಇದೇ ಕುಲದ್ದು. ಆದರೆ ಮೈಕ್ರೋಸಿಸ್ಟಿಸ್ ಮುಂತಾದ ಕೆಲವು ಜಾತಿಗಳು ತಮ್ಮ ಜೀವಕೋಶಗಳ ಒಳಗೆ ವಿಷವನ್ನು ತಯಾರಿಸಿ ಇಟ್ಟುಕೊಳ್ಳುತ್ತವೆ. ಯಕೃತ್ತಿಗೆ ಪೆಟ್ಟು ಕೊಡುವ ಮೈಕ್ರೋಸಿಸ್ಟಿನ್, ಯಕೃತ್ತು ಮೂತ್ರಪಿಂಡಗಳೆರಡನ್ನೂ ಕೆಡಿಸುವ ಸಿಲಿಂಡ್ರೋಸ್ಪರ್ಮಾಪ್ಸಿನ್, ನರಗಳನ್ನು ಹಿಡಿಯುವ ಅನಾಟಾಕ್ಸಿನ್ ಮತ್ತು ಸ್ಯಾಕ್ಸಿಟಾಕ್ಸಿನ್ ಇವುಗಳಲ್ಲಿ ಮುಖ್ಯವಾದವು.

ಮೈಕ್ರೋಸಿಸ್ಟಿಸ್‌ನ ಕೋಶಗಳೊಳಗೆ ಗಾಳಿ ತುಂಬಿದ ಅತಿಸೂಕ್ಷ್ಮ ಚೀಲಗಳಿರುತ್ತವೆ. ಅವುಗಳ ಬಲದಿಂದ ಅದು ನೀರಿನಲ್ಲಿ ಏಳುತ್ತದೆ, ಇಳಿಯುತ್ತದೆ. ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಮೇಲಕ್ಕೆ ತೇಲಿ ಕೆನೆಯಂತೆ ಕಟ್ಟಿಕೊಳ್ಳುತ್ತದೆ; ಮೆಲುಗಾಳಿ ಬೀಸಿದರೆ ಆ ಕೆನೆ ಒಂದು ದಂಡೆಗೆ ಹೋಗಿ ಸೇರುತ್ತದೆ. ಒಂದೇ ಕೆರೆಯ ಒಂದು ದಡ ತಿಳಿಯಾಗಿದ್ದು ಇನ್ನೊಂದು ದಡ ಹಸಿರು ಬಣ್ಣ ಸುರಿದಂತೆ ಕಾಣುವುದು ಇದರಿಂದಲೇ. ದನ ನೀರು ಕುಡಿಯುವುದು, ಮಕ್ಕಳು ಕಾಲು ಇಳಿಬಿಡುವುದು ದಡದಲ್ಲೇ ತಾನೆ? ನಡುಗೆರೆಯಲ್ಲಿ ತೆಗೆದ ಒಂದು ಬಾಟಲಿ ನೀರನ್ನು ಪರೀಕ್ಷಿಸಿ ಕೆರೆಗೇ ಪ್ರಮಾಣಪತ್ರ ಕೊಡುವುದು ಎಷ್ಟು ಅಪೂರ್ಣವೆಂಬುದು ಇದರಿಂದ ತಿಳಿಯುತ್ತದೆ.

ಈ ಜೀವಿಗಳು ಅನುಕೂಲ ಸಿಕ್ಕಾಗ ಕೆಲವೇ ದಿನಗಳಲ್ಲಿ ಲೆಕ್ಕ ಮೀರಿ ಹೆಚ್ಚುವುದಕ್ಕೆ ಪಾಚಿಯ ಉಕ್ಕು ಎನ್ನಬಹುದು. ಹಾಲು ಉಕ್ಕಿದ ಹಾಗೆಯೇ. ಬಹಳ ಹೊತ್ತು ಸುಮ್ಮನಿದ್ದು ಕಣ್ಣು ತಪ್ಪಿದ ಕ್ಷಣದಲ್ಲಿ ಮೇಲೇರುತ್ತದೆ.

ಮೈಲುತುತ್ತ ಸುರಿದ ಊರು

ಇದನ್ನು ಬರಹದಲ್ಲಿ ಮೊದಲು ದಾಖಲಿಸಿದವರಲ್ಲಿ ಆಸ್ಟ್ರೇಲಿಯದ ಅಡಿಲೇಡ್ ನಗರದ ಜಾರ್ಜ್ ಫ್ರಾನ್ಸಿಸ್ ಪ್ರಮುಖರು. ಅಲೆಕ್ಸಾಂಡ್ರಿನಾ ಸರೋವರದ ದಡದಲ್ಲಿ ದನ-ಕುರಿಗಳು ನೀರು ಕುಡಿದು ಸಾಯುತ್ತಿದ್ದುದನ್ನು ಕಂಡು, ನೀರಿನ ಮೇಲೆ ಕಟ್ಟಿದ್ದ ಹಸಿರು ಕೆನೆಯೇ ಕಾರಣವೆಂದು 1878ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಆದರೆ ಮನುಷ್ಯರ ಕುಡಿಯುವ ನೀರಿನ ದೃಷ್ಟಿಯಿಂದ ಹೆಚ್ಚು ಪಾಠ ಕಲಿಸಿದ್ದು ಅದೇ ದೇಶದಲ್ಲಿ ನೂರೊಂದು ವರ್ಷಗಳ ನಂತರ ನಡೆದ ಘಟನೆ.

ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಯ ಪಾಮ್ ದ್ವೀಪದಲ್ಲಿ ಆದಿವಾಸಿ ಸಮುದಾಯದ ಒಂದು ಊರು. ಕುಡಿಯುವ ನೀರು ಸಾಲೊಮನ್ ಅಣೆಕಟ್ಟಿನದು. 1979ರಲ್ಲಿ ಅಲ್ಲಿ ಪಾಚಿ ಉಕ್ಕಿತು. ನೀರಿಗೆ ಕೆಟ್ಟ ರುಚಿ, ವಾಸನೆ ಬಂದಿದೆ ಎಂದು ಜನ ದೂರಿದರು. ಅಧಿಕಾರಿಗಳು ಆಗ ಎಲ್ಲೆಡೆ ರೂಢಿಯಲ್ಲಿದ್ದ ಉಪಾಯವನ್ನೇ ಮಾಡಿದರು: ಜಲಾಶಯಕ್ಕೆ ಮೈಲುತುತ್ತ ಹಾಕಿದರು. ದ್ರಾಕ್ಷಿ, ಅಡಿಕೆ ಬೆಳೆಗಾರರು ಬೋರ್ಡೊ ದ್ರಾವಣಕ್ಕೆ ಬಳಸುವ ಅದೇ ಮೈಲುತುತ್ತ. ಪಾಚಿ ಸತ್ತಿತು. ಕೆಲವು ದಿನಗಳಲ್ಲಿ ಊರಿನ ಮಕ್ಕಳು ಒಬ್ಬರ ಹಿಂದೊಬ್ಬರಂತೆ ವಾಂತಿ, ತಲೆನೋವು, ಊದಿಕೊಂಡ ಯಕೃತ್ತಿನೊಂದಿಗೆ ಆಸ್ಪತ್ರೆ ಸೇರತೊಡಗಿದರು. ಮುಂದೆ ರಕ್ತಭೇದಿಯೂ ಮೂತ್ರಪಿಂಡದ ತೊಂದರೆಯೂ ಕಾಣಿಸಿಕೊಂಡವು. ರೋಗಿಗಳ ಸಂಖ್ಯೆ 140ನ್ನು ದಾಟಿತು, ಬಹುಪಾಲು ಮಕ್ಕಳೇ. ಯಾರೂ ಸಾಯಲಿಲ್ಲವೆಂಬುದೇ ಸಮಾಧಾನ. ಕಾರಣ ತಿಳಿಯದೆ ‘ಪಾಮ್ ದ್ವೀಪದ ನಿಗೂಢ ರೋಗ’ ಎಂದು ಹೆಸರಿಟ್ಟರು. ಕಾಯಿಮಾವು ತಿಂದದ್ದರಿಂದ ಆಗಿರಬಹುದೆಂದು ಕೂಡ ಶಂಕಿಸಿದರು. ಹುಡುಕುತ್ತ ಹೋದಂತೆ ಕಾಯಿಲೆ ಬಿದ್ದವರೆಲ್ಲ ಆ ಅಣೆಕಟ್ಟಿನ ನಲ್ಲಿನೀರು ಕುಡಿದವರೆಂಬುದು ಗೊತ್ತಾಯಿತು. ಜೀವಂತವಿದ್ದಾಗ ಪಾಚಿಯು ತನ್ನೊಳಗೆ ಹಿಡಿದಿಟ್ಟುಕೊಂಡಿದ್ದ ವಿಷ, ಕೋಶ ಒಡೆದ ಕೂಡಲೇ ನೀರಿಗೆ ಬಿದ್ದಿತ್ತು. ಆ ವಿಷದ ರಾಸಾಯನಿಕ ರೂಪ ಗೊತ್ತಾಗಿ ಸಿಲಿಂಡ್ರೋಸ್ಪರ್ಮಾಪ್ಸಿನ್ ಎಂಬ ಹೆಸರು ಬಂದದ್ದು 1992ರಲ್ಲಿ.

ಕೊಲ್ಲುವುದೇ ಪರಿಹಾರವಲ್ಲವೆಂಬ ಈ ವಿಷಯ ಇಂದಿಗೂ ಅನೇಕ ಪಂಚಾಯಿತಿ, ಪುರಸಭೆಗಳ ಮಟ್ಟಕ್ಕೆ ಇಳಿದಂತೆ ಕಾಣುವುದಿಲ್ಲ. ಹಸಿರು ಕಂಡೊಡನೆ ಚೀಲಗಟ್ಟಲೆ ಪುಡಿ ಸುರಿದು ಕೆರೆಯನ್ನು ಒಂದೇ ವಾರದಲ್ಲಿ ‘ಸ್ವಚ್ಛ’ಗೊಳಿಸುವ ಉತ್ಸಾಹ ಎಲ್ಲ ಕಡೆಯೂ ಇದೆ. ಆ ಕೆರೆಯ ನೀರು ಕುಡಿಯುವುದಕ್ಕೆ ಹೋಗುವುದಾದರೆ ಅಂಥ ಉತ್ಸಾಹ ಪಾಚಿಗಿಂತ ಅಪಾಯಕಾರಿ.

ಎಲ್ಲಕ್ಕಿಂತ ಘೋರವಾದ ಪ್ರಕರಣ ಬ್ರೆಜಿಲ್ ದೇಶದ ಕರುಆರು ಪಟ್ಟಣದ್ದು. ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಮಾಡುವ ಕೇಂದ್ರವೊಂದಕ್ಕೆ 1996ರ ಆರಂಭದಲ್ಲಿ ಟ್ಯಾಂಕರ್‌ಗಳಲ್ಲಿ ಬಂದ ನೀರು ಸರಿಯಾಗಿ ಶುದ್ಧಗೊಂಡಿರಲಿಲ್ಲ. ಡಯಾಲಿಸಿಸ್‌ನಲ್ಲಿ ನೂರಕ್ಕೂ ಹೆಚ್ಚು ಲೀಟರ್ ನೀರು ರಕ್ತದ ಪಕ್ಕದಲ್ಲೇ ತೆಳುವಾದ ಪೊರೆಯಾಚೆ ಹರಿಯುತ್ತದೆ; ಹೊಟ್ಟೆಯ, ಕರುಳಿನ ತಡೆ ಅಲ್ಲಿಲ್ಲ. ನೂರು ರೋಗಿಗಳ ಯಕೃತ್ತು ವಿಫಲವಾಯಿತು; ಅದೇ ವರ್ಷದ ಕೊನೆಯ ಹೊತ್ತಿಗೆ 52 ಸಾವುಗಳಿಗೆ ಈ ವಿಷವೇ ಕಾರಣವೆಂದು ತನಿಖೆ ಹೇಳಿತು. ಸಿಕ್ಕ ವಿಷ ಮೈಕ್ರೋಸಿಸ್ಟಿನ್.

ಈ ದುರಂತದ ನಂತರ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್-ಎಲ್‌ಆರ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂಬ ಮಾರ್ಗಸೂಚಿ ಪ್ರಕಟಿಸಿತು. ಅಂದರೆ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್‌ಗಳಲ್ಲಿ ಒಟ್ಟು ಒಂದು ಗ್ರಾಂ. ಜೀವನಪೂರ್ತಿ ಕುಡಿಯುವ ನೀರಿಗೆ ಈ ಮಿತಿ. ಅಲ್ಪಕಾಲದ ಬಳಕೆಗೆ 12 ಮೈಕ್ರೋಗ್ರಾಂ ಎಂದು 2020ರಲ್ಲಿ ಸೇರಿಸಲಾಯಿತು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವೂ ನೀರು ಪಾಚಿ ಹಾಗೂ ವಿಷ ಉತ್ಪಾದಿಸುವ ಸೂಕ್ಷ್ಮಜೀವಿಗಳಿಂದ ಮುಕ್ತವಾಗಿರಬೇಕೆಂದು ಹೇಳುತ್ತದೆ.

ಒಲೆಯ ಮುಂದೆ ಸೋಲು

2014ರ ಆಗಸ್ಟ್ 2ರ ಮುಂಜಾನೆ ಅಮೆರಿಕದ ಟೊಲೆಡೊ ನಗರದ ಸುಮಾರು ನಾಲ್ಕು ಲಕ್ಷ ಜನರಿಗೆ ಒಂದು ಸೂಚನೆ ಹೋಯಿತು: ನಲ್ಲಿಯ ನೀರು ಕುಡಿಯಬೇಡಿ, ಕುದಿಸಲೂಬೇಡಿ. ಈರಿ ಸರೋವರದಲ್ಲಿ ಉಕ್ಕಿದ ಪಾಚಿ ನಗರದ ನೀರಿನ ಕೊಳವೆಯ ಬಾಯಿಗೆ ಬಂದಿತ್ತು. ಕುದಿಸಬೇಡಿ ಎಂಬ ಮಾತು ಅನೇಕರಿಗೆ ಅರ್ಥವೇ ಆಗಲಿಲ್ಲ. ಅದರ ಕಾರಣ ಸರಳ. ರೋಗಾಣು ಜೀವಿ, ಬಿಸಿಗೆ ಸಾಯುತ್ತದೆ. ಮೈಕ್ರೋಸಿಸ್ಟಿನ್ ಜೀವಿಯಲ್ಲ, ಗಟ್ಟಿಯಾದ ಉಂಗುರದಂತಹ ಅಣು. ಕುದಿಯುವ ನೀರಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಉಳಿದ ನೀರಿನಲ್ಲಿ ಅದರ ಸಾಂದ್ರತೆ ತುಸು ಏರುತ್ತದೆ. ಜೊತೆಗೆ ನೀರಿನಲ್ಲಿ ಜೀವಂತ ಪಾಚಿಯಿದ್ದರೆ ಬಿಸಿಗೆ ಅದರ ಕೋಶ ಒಡೆದು ಒಳಗಿನ ವಿಷವೂ ಹೊರಬೀಳುತ್ತದೆ.

ಈ ಮಾತಿಗೆ ಕನ್ನಡ ಕರಾವಳಿಯ ಹತ್ತಿರದಲ್ಲೇ ಒಂದು ಕಹಿ ನಿದರ್ಶನವಿದೆ. 1983ರ ಏಪ್ರಿಲ್‌ನಲ್ಲಿ, ಇಂದಿನ ಕಾಸರಗೋಡು ಜಿಲ್ಲೆಯಲ್ಲಿರುವ ಕುಂಬಳೆಯ ಅಳಿವೆಯಲ್ಲಿ ಹಿಡಿದ ಚಿಪ್ಪುಜೀವಿಗಳನ್ನು ತಿಂದು ಹಲವರು ಆಸ್ಪತ್ರೆ ಸೇರಿದರು; ಒಬ್ಬ ಬಾಲಕ ತೀರಿಕೊಂಡ. ತುಳುನಾಡಿನಲ್ಲಿ ಮರುವಾಯಿ, ಗೋವಾದಲ್ಲಿ ತಿಸರ್ಯೊ ಎಂದು ಜನ ಇಷ್ಟಪಟ್ಟು ತಿನ್ನುವ ಬಗೆಯ ಚಿಪ್ಪುಗಳವು. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಪರಿಶೀಲಿಸಿ, ನೀರಿನ ಸೂಕ್ಷ್ಮ ಪಾಚಿಯಿಂದ ಚಿಪ್ಪಿನೊಳಗೆ ಸೇರಿದ ಪಾರ್ಶ್ವವಾಯು ವಿಷವೇ ಕಾರಣವೆಂದು ಮರುವರ್ಷ ವರದಿ ಮಾಡಿದರು. ಸ್ಯಾಕ್ಸಿಟಾಕ್ಸಿನ್ ಈ ವರ್ಗದ ವಿಷ. ಪದಾರ್ಥ ಎಷ್ಟು ಕುದಿದರೂ ಅದು ಪೂರ್ತಿ ಹೋಗುವುದಿಲ್ಲ. ಉಪ್ಪುನೀರಿನಲ್ಲಿ ಅದನ್ನು ತಯಾರಿಸುವ ಜೀವಿಗಳೇ ಬೇರೆ. ಆದರೆ ಸಿಹಿನೀರಿನ ಕೆಲವು ನೀಲಿ-ಹಸಿರು ಪಾಚಿಗಳೂ ಅದೇ ವಿಷವನ್ನು ತಯಾರಿಸುತ್ತವೆ. 1991ರಲ್ಲಿ ಆಸ್ಟ್ರೇಲಿಯದ ಡಾರ್ಲಿಂಗ್ ನದಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಸಿರಾಗಿ ಹರಿದು ಜಾನುವಾರುಗಳು ಸತ್ತದ್ದು ಅಂಥದೇ ಪಾಚಿಯಿಂದ.

ಹಾಗಾದರೆ ರಕ್ಷಣೆ ಎಲ್ಲಿದೆ? ಬಹುಮಟ್ಟಿಗೆ ಜಲಶುದ್ಧೀಕರಣ ಘಟಕದಲ್ಲಿ. ಪಾಚಿ ಇಡಿಯಾಗಿರುವಾಗಲೇ ಸ್ಫಟಿಕ, ಅಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ತುರಟಿ ಎನ್ನುವ ವಸ್ತುವಿನಿಂದ ಅದನ್ನು ಮುದ್ದೆಗಟ್ಟಿಸಿ ಕೆಳಗೆ ಕೂರಿಸಿ, ಮರಳಿನಲ್ಲಿ ಸೋಸಿ ತೆಗೆದರೆ ಹೆಚ್ಚಿನ ವಿಷ ಅದರೊಂದಿಗೇ ಹೊರಹೋಗುತ್ತದೆ. ಆದ್ದರಿಂದಲೇ ಸೋಸುವ ಮೊದಲು ಕೋಶ ಒಡೆಯುವಂತೆ ಕ್ಲೋರಿನ್ ಹಾಕಬಾರದೆಂಬ ಎಚ್ಚರಿಕೆ ಇದೆ. ಸೋಸಿದ ಮೇಲೆ ನೀರಿನಲ್ಲಿ ಕರಗಿ ಉಳಿದ ಮೈಕ್ರೋಸಿಸ್ಟಿನ್‌ಗೆ ಕ್ಲೋರಿನ್ ಒಳ್ಳೆಯ ಮದ್ದು: ಅರ್ಧ ಗಂಟೆಯ ಸಂಪರ್ಕದ ನಂತರವೂ ಲೀಟರಿಗೆ 0.5 ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರುವಂತೆ ನೋಡಿಕೊಂಡರೆ ಅದು ಮುರಿಯುತ್ತದೆ. ಎಲ್ಲ ಪಾಚಿವಿಷಗಳೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅನಾಟಾಕ್ಸಿನ್‌ಗೆ ಕ್ಲೋರಿನ್ ನಾಟುವುದಿಲ್ಲ, ಕ್ರಿಯಾಶೀಲ ಇದ್ದಿಲು ಅಥವಾ ಓಝೋನ್ ಬೇಕಾಗುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದಾಗ ಮುಖ ಸಿಂಡರಿಸಿ ಪಕ್ಕದ ಕೆರೆಯ ಅಥವಾ ತೆರೆದ ಹೊಂಡದ ನೀರನ್ನು ‘ಸಹಜ’ವೆಂದು ತರುವವರು ಇದನ್ನು ಗಮನಿಸುವುದು ಒಳ್ಳೆಯದು. ಮನೆಯ ಮೇಣದಬತ್ತಿ ಆಕಾರದ ಸೋಸುಕ ಕರಗಿದ ವಿಷವನ್ನು ಹಿಡಿಯುವುದಿಲ್ಲ. ಅತಿನೇರಳೆ ದೀಪದ ಯಂತ್ರವೂ ಈ ಕೆಲಸಕ್ಕೆ ಸಾಲದು.

ಹಸಿರಿಗೆ ಹಸಿವು ಯಾವುದರದು?

ಇಷ್ಟೆಲ್ಲ ಪಾಚಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಕೆನಡಾದ ಒಂದು ಪುಟ್ಟ ಸರೋವರದಲ್ಲಿ ದೊರೆಯಿತು. ಒಂಟಾರಿಯೊ ಪ್ರಾಂತದ ಆ ಸರೋವರಕ್ಕೆ ಹೆಸರಿಲ್ಲ, 226 ಎಂಬ ಅಂಕಿ ಮಾತ್ರ. 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಅದರ ಸೊಂಟದಂತಿದ್ದ ಕಿರಿದಾದ ಜಾಗಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ, ಸಾರಜನಕಗಳನ್ನು ಸೇರಿಸಿದರು; ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ದಟ್ಟ ಹಸಿರಾಯಿತು. ಪರದೆಯಾಚೆಯ ನೀರು ಮೊದಲಿನಂತೆಯೇ ಕಪ್ಪು-ತಿಳಿಯಾಗಿ ಉಳಿಯಿತು. ವಿಮಾನದಿಂದ ತೆಗೆದ ಅದರ ಚಿತ್ರ ನೂರು ಉಪನ್ಯಾಸಗಳ ಕೆಲಸ ಮಾಡಿತು. ಸಾರಜನಕಕ್ಕೂ ಪಾತ್ರವಿದೆ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಆದರೆ ಸಿಹಿನೀರಿಗೆ ಹರಿಯುವ ರಂಜಕವನ್ನು ತಡೆಯಬೇಕೆಂಬುದರಲ್ಲಿ ವಿವಾದವಿಲ್ಲ.

ರಂಜಕ ಎಂದರೆ ದೂರದ ವಸ್ತುವೇನಲ್ಲ. ಹೊಲಕ್ಕೆ ಎರಚುವ ಡಿ.ಎ.ಪಿ. ಗೊಬ್ಬರದಲ್ಲಿದೆ, ಮಲಮೂತ್ರದಲ್ಲಿದೆ, ಕೊಟ್ಟಿಗೆಯ ಗಂಜಲದಲ್ಲಿದೆ, ಕೆಲವು ಬಟ್ಟೆ ಸೋಪಿನ ಪುಡಿಗಳಲ್ಲಿದೆ. ಮಳೆ ಅದನ್ನು ಮಣ್ಣಿನೊಂದಿಗೆ ಕೊಚ್ಚಿ ತರುತ್ತದೆ. ಗೋವಾಕ್ಕೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್-ಸೆಪ್ಟೆಂಬರ್ ನಡುವೆ. ಆಗ ಜಲಾಶಯಗಳು ತುಂಬಿ ಉಕ್ಕಿ ಹರಿಯುವುದರಿಂದ ಪಾಚಿಗೆ ನೆಲೆ ಸಿಗದು. ಮಳೆ ನಿಂತ ಮೇಲೆ ಎಂಟು ತಿಂಗಳು ನೀರು ನಿಂತೇ ಇರುತ್ತದೆ. ಬಿಸಿಲೇರಿದಂತೆ ಮೇಲಿನ ಬೆಚ್ಚಗಿನ ನೀರು ಕೆಳಗಿನ ತಣ್ಣಗಿನ ನೀರಿನೊಂದಿಗೆ ಬೆರೆಯುವುದಿಲ್ಲ. ತಳದಲ್ಲಿ ಕೊಳೆತ ಎಲೆ, ಕೆಸರುಗಳು ಆಮ್ಲಜನಕವನ್ನು ಮುಗಿಸುತ್ತವೆ. ಆಮ್ಲಜನಕ ಮುಗಿದ ಕೆಸರಿನಿಂದ ಕಬ್ಬಿಣ, ಮ್ಯಾಂಗನೀಸ್ ಕರಗಿ ಮೇಲೆ ಬರುತ್ತವೆ. ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕವೂ ಬಿಡುಗಡೆಯಾಗುತ್ತದೆ. ಗಣಿನಾಡಿನ ನಡುವಿರುವ ಸಾಳಾವಲಿಯ ನೀರಿನ ಮ್ಯಾಂಗನೀಸ್ ಬಗ್ಗೆ ದಕ್ಷಿಣ ಗೋವಾದಲ್ಲಿ ದೂರುಗಳೆದ್ದದ್ದು ಹಳೆಯ ಸುದ್ದಿ. ಆ ಸುದ್ದಿಯನ್ನು ಬರಿಯ ಲೋಹದ ಸಮಸ್ಯೆಯೆಂದು ಓದಿದರೆ ಅರ್ಧ ಓದಿದಂತೆ. ಜಲಾಶಯದ ತಳ ಉಸಿರುಗಟ್ಟುತ್ತಿದೆಯೇ ಎಂದು ಕೇಳಿಕೊಳ್ಳಲು ಅದು ಕಾರಣವಾಗಬೇಕು.

ಅದೃಷ್ಟವಶಾತ್ ಈ ಬಗೆಯ ಪ್ರಶ್ನೆ ಕೇಳಬಲ್ಲವರು ಗೋವಾದಲ್ಲೇ ಇದ್ದಾರೆ. 1966ರಲ್ಲಿ ಸ್ಥಾಪನೆಯಾಗಿ ದೋನಾಪಾವ್ಲಾದಲ್ಲಿ ನೆಲೆಸಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅರಬ್ಬೀ ಸಮುದ್ರದ ಪಾಚಿ ಉಕ್ಕುಗಳನ್ನು ದಶಕಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ತಿಳಾರಿಯಂಥ ಸಿಹಿನೀರಿನ ಜಲಾಶಯಗಳ ರಾಸಾಯನಿಕ ಸ್ಥಿತಿಯನ್ನೂ ಅವರು ಪರಿಶೀಲಿಸಿದ್ದಾರೆ. ಗೋವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಇಲ್ಲಿಯ ಕೆರೆಗಳ ತೇಲುಪಾಚಿಗಳನ್ನು ಗುರುತಿಸುವ ಕೆಲಸ ಮಾಡಿದೆ. ಭಾರತದ ಸಮುದ್ರಗಳ ಪಾಚಿ ಉಕ್ಕನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಮೂಲಕ ಕಂಡು ಮಾಹಿತಿ ಕೊಡುತ್ತದೆ. ಅಮೆರಿಕದಲ್ಲಿ ದೊಡ್ಡ ಸರೋವರಗಳನ್ನೂ ಇದೇ ರೀತಿ ಆಕಾಶದಿಂದ ಕಾಯುವ ಏರ್ಪಾಡು ಇದೆ: ನೀಲಿ-ಹಸಿರು ಪಾಚಿಯಲ್ಲಿರುವ ಫೈಕೋಸಯನಿನ್ ಎಂಬ ವರ್ಣದ್ರವ್ಯ ಬೆಳಕನ್ನು ಹೀರುವ ಬಗೆಯೇ ಬೇರೆ, ಅದು ಉಪಗ್ರಹದ ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ಸೂಕ್ಷ್ಮದರ್ಶಕದಲ್ಲಿ ಕೋಶ ಎಣಿಸುವುದು ಮೊದಲ ಹೆಜ್ಜೆ. ಆದರೆ ಒಂದೇ ಜಾತಿಯೊಳಗೆ ವಿಷವುಳ್ಳವೂ ಇಲ್ಲದವೂ ಇರುವುದರಿಂದ, ನೋಡಿದ ಮಾತ್ರಕ್ಕೆ ತೀರ್ಮಾನ ಸಾಧ್ಯವಿಲ್ಲ. ವಿಷವನ್ನೇ ಅಳೆಯುವ ಪ್ರಯೋಗಾಲಯ ಪರೀಕ್ಷೆ ಬೇಕು.

ವಾರಾಣಸಿಯ ಲಕ್ಷ್ಮೀಕುಂಡದಂತಹ ಪುಷ್ಕರಿಣಿಗಳಲ್ಲಿ ಅಲ್ಲಿಯ ಸಂಶೋಧಕರು ನೀರಿನಲ್ಲಷ್ಟೇ ಅಲ್ಲ, ಮೀನಿನ ದೇಹದಲ್ಲೂ ಮೈಕ್ರೋಸಿಸ್ಟಿನ್ ಪತ್ತೆಹಚ್ಚಿದ್ದಾರೆ. ಹಸಿರುಗಟ್ಟಿದ ಕೆರೆಯ ಮೀನನ್ನು ತಿನ್ನದಿರುವುದೇ ಲೇಸು. ವಿಷ ಹೆಚ್ಚಾಗಿ ಸೇರುವುದು ಅದರ ಯಕೃತ್ತು ಕರುಳುಗಳಲ್ಲಿ. ಬೋಟ್ಸ್ವಾನದಲ್ಲಿ 2020ರಲ್ಲಿ 330 ಆನೆಗಳು ಸತ್ತದ್ದಕ್ಕೆ ನೀರುಗುಂಡಿಗಳ ಇಂಥ ಪಾಚಿಯೇ ಕಾರಣವೆಂದು ಅಲ್ಲಿಯ ಸರ್ಕಾರ ಪ್ರಕಟಿಸಿತು.

ಊರ ಕೆರೆ

ಗೋವಾದ ನಲ್ಲಿನೀರಿಗೆ ಶುದ್ಧೀಕರಣ ಘಟಕದ ಕಾವಲಿದೆ. 2022ರ ಆಗಸ್ಟ್‌ನಲ್ಲಿ ಪ್ರತಿ ಗ್ರಾಮೀಣ ಮನೆಗೂ ನಲ್ಲಿ ತಲುಪಿಸಿದ ಮೊದಲ ರಾಜ್ಯವೆಂಬ ಪ್ರಮಾಣಪತ್ರವೂ ಈ ರಾಜ್ಯಕ್ಕೆ ದೊರೆಯಿತು. ಕನ್ನಡ ಶಾಲೆಗಳ ಮಕ್ಕಳು ಇನ್ನೊಂದು ನೀರನ್ನೂ ಕುಡಿಯುತ್ತಾರೆ. ಬೇಸಿಗೆಯ ರಜೆಗೆ ಅಜ್ಜಿಯ ಊರಿಗೆ ಹೋದಾಗ. ನವಲಗುಂದ, ನರಗುಂದ, ರೋಣ ಸುತ್ತಲಿನ ಕಪ್ಪುಮಣ್ಣಿನ ಹಳ್ಳಿಗಳಲ್ಲಿ ಬಾವಿಯ ನೀರು ಸವಳು. ಮಲಪ್ರಭಾ ಕಾಲುವೆ ಬಿಟ್ಟಾಗ ಕೆರೆ ತುಂಬಿಸಿಕೊಂಡು ತಿಂಗಳುಗಟ್ಟಲೆ ಅದನ್ನೇ ಕುಡಿಯುವ ಪದ್ಧತಿ ಅಲ್ಲಿಯದು. ಕಾಲುವೆಯ ನೀರಿನೊಂದಿಗೆ ಹೊಲಗಳ ಗೊಬ್ಬರದ ಅಂಶ ಬರಬಹುದು, ಕೆರೆ ಆಳವಿಲ್ಲ, ಬಿಸಿಲು ತೀಕ್ಷ್ಣ, ರಜೆಯ ಹೊತ್ತಿಗೆ ನೀರು ತಳ ಹಿಡಿದಿರುತ್ತದೆ. ಪಾಚಿಗೆ ಬೇಕಾದುದೆಲ್ಲ ಅಲ್ಲಿದೆ.

ಅಂಥ ಊರುಗಳ ಹಿರಿಯರು ರಸಾಯನಶಾಸ್ತ್ರ ಓದದೆಯೂ ಎರಡು ಕಟ್ಟುಪಾಡು ಪಾಲಿಸುತ್ತಿದ್ದರು. ಕುಡಿಯುವ ನೀರಿನ ಕೆರೆಗೆ ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಚಪ್ಪಲಿ ಹಾಕಿಕೊಂಡು ದಂಡೆ ಇಳಿಯುವಂತಿಲ್ಲ ಎಂಬುದು ಒಂದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಗೋಡುಮಣ್ಣನ್ನು ಚಕ್ಕಡಿಯಲ್ಲಿ ಹೊಲಕ್ಕೆ ಹೇರುವುದು ಇನ್ನೊಂದು. ಮೊದಲನೆಯದು ರಂಜಕ ಬರುವ ದಾರಿಯನ್ನು ಮುಚ್ಚುತ್ತಿತ್ತು. ಎರಡನೆಯದು ಬಂದು ಕೂತ ರಂಜಕವನ್ನು ಹೊರಕ್ಕೆ ಹಾಕುತ್ತಿತ್ತು, ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ಯಂತ್ರದಿಂದ ಹೂಳೆತ್ತಿ ದಂಡೆಯ ಮೇಲೆಯೇ ಗುಡ್ಡೆ ಹಾಕಿ ಹೋಗುವ ಇಂದಿನ ಗುತ್ತಿಗೆಗಿಂತ ಅದು ಬುದ್ಧಿವಂತಿಕೆಯ ಕೆಲಸ. ಗುಡ್ಡೆ ಹಾಕಿದ್ದು ಮೊದಲ ಮಳೆಗೇ ಕೆರೆಗೆ ಮರಳುತ್ತದೆ.

ಮನೆಮಂದಿ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ನೀರಿಗೆ ಮಣ್ಣಿನ ವಾಸನೆ ಬಂದರೆ ಅದು ಹೆಚ್ಚಾಗಿ ಜಿಯಾಸ್ಮಿನ್ ಎಂಬ ವಸ್ತುವಿನದು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳವೂ ಅದರದೇ. ಅದು ವಿಷವಲ್ಲ, ಆದರೆ ನೀರಿನ ಮೂಲದಲ್ಲಿ ಪಾಚಿ ಹೆಚ್ಚಿರಬಹುದೆಂಬ ಸುಳಿವು, ನೀರು ಸರಬರಾಜು ಕಚೇರಿಗೆ ತಿಳಿಸತಕ್ಕ ಸುಳಿವು. ವಾಸನೆ ಇಲ್ಲದಿದ್ದರೆ ನೀರು ಸುರಕ್ಷಿತವೆಂದೂ ಅರ್ಥವಲ್ಲ. ಮನೆಯ ಡ್ರಮ್ಮಿನ ಗೋಡೆಗೆ ಅಂಟುವ ಹಸಿರು ಸಾಮಾನ್ಯವಾಗಿ ಸಾಧಾರಣ ಪಾಚಿ. ಬೆಳಕು ಒಳಗೆ ಹೋಗುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಉಜ್ಜಿ ತೊಳೆದು, ಮುಚ್ಚಳ ಬಿಗಿದು, ನೆರಳಿನಲ್ಲಿಟ್ಟರೆ ಸಾಕು. ಹಸಿರುಗಟ್ಟಿದ ಕೆರೆಯಲ್ಲಿ ಈಜಿದ ಮಗುವಿಗೆ ಮೈ ತುರಿಕೆ, ಕಣ್ಣುರಿ, ವಾಂತಿ, ಭೇದಿ ಕಾಣಿಸಿಕೊಂಡರೆ ಶುದ್ಧ ನೀರಿನಲ್ಲಿ ಮೈ ತೊಳೆದು ವೈದ್ಯರ ಬಳಿ ಒಯ್ಯಬೇಕು, ಕೆರೆಯ ಸಂಗತಿಯನ್ನು ಅವರಿಗೆ ಹೇಳಬೇಕು. ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯುವ ಸಂಭವ ಕಡಿಮೆ.

ಕೆರೆಯ ಹಸಿರು ಯಾವ ಬಗೆಯದೆಂದು ಅಂದಾಜು ಮಾಡಲು ಶಿಕ್ಷಕರು ಮಕ್ಕಳಿಗೆ ತೋರಿಸಬಹುದಾದ ಎರಡು ಸುಲಭ ಪರೀಕ್ಷೆಗಳಿವೆ. ಉದ್ದನೆಯ ಕೋಲನ್ನು ಹಸಿರಿನಲ್ಲಿ ಅದ್ದಿ ಎತ್ತಬೇಕು. ಕೂದಲಿನಂತೆ, ನೂಲಿನಂತೆ ಜೋತುಬಿದ್ದರೆ ಅದು ಬಹುಶಃ ಸಾಧಾರಣ ಹಸಿರು ಪಾಚಿ. ಬಣ್ಣದ ಡಬ್ಬಿಯಲ್ಲಿ ಅದ್ದಿದಂತೆ ಕೋಲಿಗೆ ಬಳಿದುಕೊಂಡರೆ ನೀಲಿ-ಹಸಿರು ಪಾಚಿಯೆಂದು ಶಂಕಿಸಬೇಕು. ಎರಡನೆಯದಕ್ಕೆ ಕೈಗವಸು ತೊಟ್ಟ ಹಿರಿಯರೊಬ್ಬರು ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ಕೆರೆಯ ನೀರು ತುಂಬಿ, ಮುಚ್ಚಿ, ಅಲುಗಾಡಿಸದೆ ಒಂದು ರಾತ್ರಿ ತಂಪಾದ ಕತ್ತಲೆಯ ಜಾಗದಲ್ಲಿಡಬೇಕು. ಬೆಳಗ್ಗೆ ಹಸಿರು ತಳಕ್ಕೆ ಇಳಿದಿದ್ದರೆ ಸಾಧಾರಣ ಪಾಚಿ. ನೀರಿನ ಮೇಲೆ ಹಸಿರು ಉಂಗುರವಾಗಿ ಕಟ್ಟಿದ್ದರೆ ಗಾಳಿಚೀಲಗಳುಳ್ಳ ಬಗೆ ಅದರಲ್ಲಿದೆ. ಆ ಕೆರೆಯ ಹೆಸರು, ದಿನಾಂಕ, ದಡದ ಯಾವ ಮಗ್ಗುಲೆಂಬುದನ್ನು ಬರೆದು ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ತಲುಪಿಸಿ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಕ್ಕಳನ್ನೂ ದನಗಳನ್ನೂ ಆ ದಂಡೆಯಿಂದ ದೂರವಿಡಬೇಕು. ಭರಣಿಯ ನೀರನ್ನು ಗಿಡದ ಬುಡಕ್ಕಾಗಲಿ ಮೋರಿಗಾಗಲಿ ಚೆಲ್ಲದೆ, ಬಾವಿ-ಹಳ್ಳಗಳಿಂದ ದೂರದಲ್ಲಿ ಮಣ್ಣು ತೋಡಿ ಹುಗಿದು, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು.